ಮಿಷಿಗನ್ನಿನ ಲೆಕ್ಕ: ಜಾತಿ ಎಣಿಸುವ ಪಂಡಿತರಿಗೆ ಒಂದು ಉತ್ತರ

"ಜನ ವೋಟು ಹಾಕುವುದು ಹೊಟ್ಟೆ ನೋಡಿ ಅಲ್ಲ, ಜಾತಿ ನೋಡಿ" ಎಂಬುದು ನಮ್ಮ ಪೇಟೆಯ ಪುಢಾರಿಗಳಿಗೆ ಬಾಯಿಪಾಠವಾಗಿರುವ ಮಾತು. ಯಾವ ಹೋಬಳಿಯಲ್ಲಿ ಯಾವ ಜಾತಿಯ ತಲೆ ಎಷ್ಟು ಎಂಬ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಈ ಮಹನೀಯರು ಈಗೀಗ ಹೊರದೇಶದ ಸಾಕ್ಷಿಯನ್ನೂ ತರತೊಡಗಿದ್ದಾರೆ. "ಅಮೆರಿಕದಲ್ಲೂ ಅಷ್ಟೇ ಸ್ವಾಮಿ, ಬಿಳಿಯರದು ಒಂದು ದಾರಿ, ಕಪ್ಪು ಜನರದು ಇನ್ನೊಂದು. ಸಮಾಜವಾದ ಹೇಳಿಕೊಂಡು ನಿಂತ ಬರ್ನಿ ಸ್ಯಾಂಡರ್ಸ್ ಗತಿ ಏನಾಯಿತು ನೋಡಿದಿರಲ್ಲ!" ಎನ್ನುತ್ತಾರೆ. ಆಗಲಿ, ನೋಡೋಣ. ಅವರೇ ಕರೆದ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ನಾವೇ ನಾಲ್ಕು ಪ್ರಶ್ನೆ ಕೇಳೋಣ. ಸಾಕ್ಷಿಯ ಹೆಸರು ಮಿಷಿಗನ್ ರಾಜ್ಯ. ದಿನಾಂಕ 2016ರ ಮಾರ್ಚ್ 8.

ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯದಲ್ಲೂ ಮೊದಲು ಒಂದು ಚುನಾವಣೆ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಮಿಷಿಗನ್ನಿನಲ್ಲಿ ಪಕ್ಷದ ಸದಸ್ಯನಾಗಿರಬೇಕೆಂಬ ನಿಯಮವಿಲ್ಲ. ಯಾವುದೇ ಮತದಾರ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆದು ವೋಟು ಹಾಕಬಹುದು. ಆ ದಿನ ಡೆಮೊಕ್ರಾಟಿಕ್ ಪಕ್ಷದ ಪಾಲಿಗೆ ಬಿದ್ದ ವೋಟು 12 ಲಕ್ಷಕ್ಕೂ ಮೇಲೆ. ಸ್ಯಾಂಡರ್ಸ್‌ಗೆ 5,98,943. ಹಿಲರಿ ಕ್ಲಿಂಟನ್‌ಗೆ 5,81,775. ಅಂತರ 17,168, ಎಂದರೆ ನೂರಕ್ಕೆ ಒಂದೂವರೆ ವೋಟೂ ಅಲ್ಲ. "ಇವರಿಬ್ಬರಿಗೂ ನಮ್ಮ ಒಪ್ಪಿಗೆ ಇಲ್ಲ" ಎಂದು ಗುರುತು ಹಾಕಿದವರೇ 21,601 ಮಂದಿ. ಗೆದ್ದವನ ಅಂತರಕ್ಕಿಂತ ಯಾರೂ ಬೇಡವೆಂದವರ ಸಂಖ್ಯೆಯೇ ದೊಡ್ಡದು. ಇಷ್ಟು ಬಿಗಿಯಾದ ಚುನಾವಣೆಯಲ್ಲಿ ಜನರ ಮನಸ್ಸು ಚೆನ್ನಾಗಿ ಕಾಣುತ್ತದೆ. ಒಂದೊಂದು ಕೈಯೂ ಅಲ್ಲಿ ತಕ್ಕಡಿಯನ್ನು ತೂಗಿಸಿರುತ್ತದೆ.

ಪಂಡಿತರ ಪಂಚಾಂಗ

ಮೊದಲನೆಯ ಪ್ರಶ್ನೆ ಭವಿಷ್ಯ ಹೇಳಿದವರಿಗೆ. ಚುನಾವಣೆಯ ಹಿಂದಿನ ದಿನದವರೆಗೂ ಅಲ್ಲಿನ ಮತಸಮೀಕ್ಷೆಗಳು ಸರಾಸರಿ 20 ಅಂಕಗಳಷ್ಟು ಕ್ಲಿಂಟನ್ ಮುಂದಿದ್ದಾರೆಂದು ಸಾರಿದ್ದವು. ಹೆಸರುವಾಸಿಯಾದ ಒಂದು ಲೆಕ್ಕದ ಮನೆಯಂತೂ ಆಕೆ ಗೆಲ್ಲುವ ಸಂಭವ ನೂರಕ್ಕೆ 99ಕ್ಕಿಂತಲೂ ಹೆಚ್ಚು ಎಂದು ಪಂಚಾಂಗ ತೆರೆದು ಹೇಳಿಬಿಟ್ಟಿತ್ತು. ಉಳಿದ ಒಂದೇ ಪಾಲಿನೊಳಗಿಂದ 5,98,943 ಜನ ಎದ್ದು ಬಂದರು!

ಇದು ಬರಿಯ ಗಣಿತದ ತಪ್ಪೆಂದು ನಾವು ಒಪ್ಪುವುದಿಲ್ಲ. 2008ರಲ್ಲಿ ಮಿಷಿಗನ್ನಿನ ಪ್ರೈಮರಿ ದಿನಾಂಕದ ಜಗಳದಲ್ಲಿ ಕೆಟ್ಟಿತ್ತು. ಒಬಾಮಾರ ಹೆಸರೇ ಆಗ ಮತಪತ್ರದಲ್ಲಿ ಇರಲಿಲ್ಲ. ಆದುದರಿಂದ ಯಾರು ಬಂದು ವೋಟು ಹಾಕುವರೆಂದು ಊಹಿಸಲು ಹಳೆಯ ದಾರಿ ಇರಲಿಲ್ಲ. ದಾರಿ ಇಲ್ಲದಲ್ಲಿ ಪಂಡಿತರು ತಮ್ಮ ಅಂದಾಜನ್ನೇ ದಾರಿ ಮಾಡಿಕೊಂಡರು. ಎಳೆಯರು ಬರಲಾರರು, ಯಾವ ಪಕ್ಷಕ್ಕೂ ಸೇರದವರು ಬರಲಾರರು ಎಂದು ಎಣಿಸಿದರು. ಅವರೇ ಬಂದರು. ಮತಗಟ್ಟೆಯ ಬಾಗಿಲಲ್ಲಿ ಕೇಳಿದ ಲೆಕ್ಕದಂತೆ 30ರೊಳಗಿನ ಪ್ರಾಯದವರಲ್ಲಿ ಐವರಿಗೆ ನಾಲ್ವರು 74 ವರ್ಷದ ಆ ಮುದುಕನಿಗೆ ವೋಟು ಹಾಕಿದರು. ಪಕ್ಷಕ್ಕೆ ಸೇರದ ಸ್ವತಂತ್ರರಲ್ಲಿ ನೂರಕ್ಕೆ 70ರಷ್ಟು ಆತನ ಕಡೆ. "ನಾವು ಡೆಮೊಕ್ರಾಟರು" ಎಂದು ಹೇಳಿಕೊಂಡವರಲ್ಲಿ ಮಾತ್ರ ನೂರಕ್ಕೆ 58ರಷ್ಟು ಕ್ಲಿಂಟನ್‌ಗೆ. ಪಕ್ಷದ ಪಡಸಾಲೆಯಲ್ಲಿ ಕೂತವರಿಗೂ ಅಂಗಳದಲ್ಲಿ ನಿಂತವರಿಗೂ ನಡುವೆ ಗೋಡೆ ಎದ್ದಿತ್ತು. ಪಂಡಿತರು ಪಡಸಾಲೆಯನ್ನಷ್ಟೇ ಎಣಿಸಿದ್ದರು.

ಕೆಲಸ ಕಳೆದುಕೊಂಡವರ ರಾಜ್ಯ

ಇನ್ನು ಎರಡನೆಯ ಪ್ರಶ್ನೆ: ಏಕೆ ಹೀಗಾಯಿತು? ಮಿಷಿಗನ್ ಎಂದರೆ ಮೋಟಾರು ಕಾರ್ಖಾನೆಯ ರಾಜ್ಯ. 1936ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಫ್ಲಿಂಟ್ ಪಟ್ಟಣದ ಕೆಲಸಗಾರರು ಜನರಲ್ ಮೋಟಾರ್ಸ್ ಕಾರ್ಖಾನೆಯೊಳಗೇ ಕುಳಿತು 44 ದಿನ ಮುಷ್ಕರ ನಡೆಸಿ ತಮ್ಮ ಸಂಘಕ್ಕೆ ಮಾನ್ಯತೆ ಗಿಟ್ಟಿಸಿಕೊಂಡರು. 1950ರಲ್ಲಿ ಡೆಟ್ರಾಯಿಟ್ ನಗರದ ಜನಸಂಖ್ಯೆ 18 ಲಕ್ಷ ದಾಟಿತ್ತು. 2010ರ ಗಣತಿಯಲ್ಲಿ ಅದು 7 ಲಕ್ಷ ಚಿಲ್ಲರೆ. 2013ರ ಜುಲೈನಲ್ಲಿ ಆ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮುಂಚೆ, 2012ರ ಡಿಸೆಂಬರಿನಲ್ಲಿ, ಸಂಘಕ್ಕೆ ಚಂದಾ ಕೊಡದೆಯೂ ಸಂಘ ದೊರಕಿಸಿದ ಕೂಲಿ ಉಣ್ಣಬಹುದೆಂಬ ಕಾಯಿದೆ ಮಾಡಿ ಕಾರ್ಮಿಕ ಸಂಘಗಳ ಬೇರಿಗೆ ಬಿಸಿನೀರು ಹೊಯ್ದಿದ್ದರು.

ಇದರ ಹಿಂದೆ 1994ರ ಜನವರಿ 1ರಂದು ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತ ವ್ಯಾಪಾರದ ಒಪ್ಪಂದವಿದೆ. ಕಾರ್ಖಾನೆಗಳು ಅಗ್ಗದ ಕೂಲಿ ಹುಡುಕಿಕೊಂಡು ಮೆಕ್ಸಿಕೋಗೆ ಹೋಗಲು ಅದು ರಾಜಮಾರ್ಗ ಹಾಕಿತು. ಅದನ್ನು ಕಾಯಿದೆ ಮಾಡಿಸಿದವರು ಅಧ್ಯಕ್ಷ ಬಿಲ್ ಕ್ಲಿಂಟನ್. ವಿರೋಧವಾಗಿ ಕೈ ಎತ್ತಿದವರಲ್ಲಿ ಒಬ್ಬರು ಆಗ ಕೆಳಮನೆಯ ಸದಸ್ಯರಾಗಿದ್ದ ಸ್ಯಾಂಡರ್ಸ್. ಪೆಸಿಫಿಕ್ ವ್ಯಾಪಾರದ ಇನ್ನೊಂದು ಒಪ್ಪಂದವನ್ನು 2012ರಲ್ಲಿ ಬಾಯಿತುಂಬ ಹೊಗಳಿ 2015ರಲ್ಲಿ ಬೇಡವೆಂದವರು ಹಿಲರಿ ಕ್ಲಿಂಟನ್. ಜನ ಇದನ್ನು ಮರೆತಿರಲಿಲ್ಲ. ಹೊರದೇಶದ ವ್ಯಾಪಾರ ನಮ್ಮ ಕೆಲಸ ಕಿತ್ತುಕೊಳ್ಳುತ್ತದೆ ಎಂದು ಆ ದಿನ ಹೇಳಿದ ವೋಟುದಾರರು ಅರ್ಧಕ್ಕಿಂತ ಬಹಳ ಹೆಚ್ಚು, ಮತ್ತು ಅವರಲ್ಲಿ ಹೆಚ್ಚಿನವರು ಸ್ಯಾಂಡರ್ಸ್ ಪಾಲಿಗೆ ಬಂದರು. 83 ಕೌಂಟಿಗಳಲ್ಲಿ 73 ಆತನಿಗೆ ಬಂದವು. ಹೊಟ್ಟೆಪಾಡು ವೋಟಾಗುವುದಿಲ್ಲ ಎನ್ನುವವರು ಈ ನಕ್ಷೆಯನ್ನು ಯಾವ ಜಾತಿಪಟ್ಟಿಗೆ ಹೊಂದಿಸುತ್ತಾರೆ?

ಕಪ್ಪು ಜನರ ವೋಟು

"ಉಳಿದ ಹತ್ತು ಕೌಂಟಿಗಳ ಮಾತೇನು?" ಎಂದು ಪಂಡಿತರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಡೆಟ್ರಾಯಿಟ್ ಇರುವ ವೇನ್ ಕೌಂಟಿಯಲ್ಲೂ ಫ್ಲಿಂಟ್ ಇರುವ ಜೆನೆಸೀ ಕೌಂಟಿಯಲ್ಲೂ ಕ್ಲಿಂಟನ್ ಮುಂದಾದರು. ಕಪ್ಪು ಜನರಲ್ಲಿ ನೂರಕ್ಕೆ 68ರಷ್ಟು ಆಕೆಗೆ, 28ರಷ್ಟು ಸ್ಯಾಂಡರ್ಸ್‌ಗೆ. ಬಿಳಿಯರಲ್ಲಿ 56ರಷ್ಟು ಸ್ಯಾಂಡರ್ಸ್‌ಗೆ. ಇಷ್ಟಕ್ಕೇ "ನೋಡಿ, ಬಣ್ಣ!" ಎಂದು ಪುಸ್ತಕ ಮುಚ್ಚುವವನು ಅರ್ಧ ಪಾಠ ಓದಿದ ವಿದ್ಯಾರ್ಥಿ.

ಅದೇ ದಿನ ಮಿಸಿಸಿಪ್ಪಿ ರಾಜ್ಯದಲ್ಲೂ ಪ್ರೈಮರಿ ನಡೆಯಿತು. ಅಲ್ಲಿ ಕಪ್ಪು ಜನರಲ್ಲಿ ಸ್ಯಾಂಡರ್ಸ್‌ಗೆ ಬಂದದ್ದು ನೂರಕ್ಕೆ 11ರಷ್ಟು ಮಾತ್ರ. ಬಣ್ಣ ಒಂದೇ, ದಿನ ಒಂದೇ, ಅಭ್ಯರ್ಥಿಗಳು ಅವರೇ. ಆದರೂ ಒಂದು ಕಡೆ 11, ಇನ್ನೊಂದು ಕಡೆ 28. ಬಣ್ಣವೇ ಕಾರಣವಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಮಿಷಿಗನ್ನಿನ ಕಪ್ಪು ಕೆಲಸಗಾರನಿಗೆ ಕಾರ್ಖಾನೆಯ ಅನುಭವವಿತ್ತು, ಸಂಘದ ಅನುಭವವಿತ್ತು, ಮುಚ್ಚಿದ ಗೇಟಿನ ಮುಂದೆ ನಿಂತ ಅನುಭವವೂ ಇತ್ತು. ಆ ಬದುಕು ವೋಟಿನಲ್ಲಿ ಮಾತಾಡಿತೆಂದು ನಾವು ತಿಳಿಯುತ್ತೇವೆ.

ಹಾಗಾದರೆ ಹೆಚ್ಚಿನವರು ಕ್ಲಿಂಟನ್ ಕಡೆಗೇ ಉಳಿದದ್ದೇಕೆ? ಇಲ್ಲಿ ನಮ್ಮವರಲ್ಲೇ ಕೆಲವರು ಆಡುವ ಒಂದು ಮಾತನ್ನು ನಾವು ಖಂಡಿಸಲೇಬೇಕಾಗಿದೆ. "ಆ ಜನಕ್ಕೆ ತಮ್ಮ ಹಿತ ತಿಳಿಯಲಿಲ್ಲ" ಎನ್ನುತ್ತಾರೆ ಇವರು. ಯಾವ ಜನಕ್ಕೆ? 1965ರಲ್ಲಿ ಮತಾಧಿಕಾರದ ಕಾಯಿದೆ ಬರುವುದಕ್ಕೆ ಮುಂಚೆ ಮಿಸಿಸಿಪ್ಪಿಯಲ್ಲಿ ವೋಟು ಪಟ್ಟಿಗೆ ಹೆಸರು ಸೇರಿದ್ದ ಕಪ್ಪು ಜನ ನೂರಕ್ಕೆ ಏಳು ಮಂದಿ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಅದೇ ಲೋಹಿಯಾ 1964ರ ಮೇ ತಿಂಗಳಲ್ಲಿ ಆ ರಾಜ್ಯದ ಜ್ಯಾಕ್ಸನ್ ಪಟ್ಟಣದಲ್ಲಿ, ಬಿಳಿಯರಿಗಷ್ಟೇ ಊಟ ಬಡಿಸುವ ಹೋಟೆಲಿನ ಬಾಗಿಲಲ್ಲಿ, ಹಿಂದಕ್ಕೆ ಹೋಗಲೊಪ್ಪದೆ ಬಂಧನಕ್ಕೊಳಗಾದರು. ಹಾಗೆ ಪ್ರಾಣದ ಬೆಲೆ ತೆತ್ತು ವೋಟು ಪಡೆದ ಜನ ಅದನ್ನು ಹೊಸಬನ ಕೈಗೆ ಒಂದು ಭಾಷಣ ಕೇಳಿ ಕೊಡುವುದಿಲ್ಲ. ಕಷ್ಟದ ಹೊತ್ತಿಗೆ ಬಾಗಿಲಿಗೆ ಬಂದವರು ಯಾರು ಎಂದು ನೋಡುತ್ತಾರೆ.

ಫ್ಲಿಂಟನ್ನೇ ನೋಡಿ. ಜನ ಆರಿಸದೆ ರಾಜ್ಯ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿ ಊರಿತ್ತು. ಹಣ ಉಳಿಸುವ ಹೆಸರಿನಲ್ಲಿ 2014ರ ಏಪ್ರಿಲ್‌ನಲ್ಲಿ ಊರಿನ ನಲ್ಲಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ತಕ್ಕ ಸಂಸ್ಕಾರವಿಲ್ಲದ ಆ ನೀರು ಕೊಳವೆಯ ಸೀಸವನ್ನು ಕರಗಿಸಿ ಮನೆಮನೆಗೆ ಹಂಚಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮೋಟಾರು ಕಂಪನಿ ಈ ನೀರಿನಿಂದ ತನ್ನ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತವೆಂದು ಬೇರೆ ನೀರು ತರಿಸಿಕೊಂಡಿತು. ಮಕ್ಕಳು ಇನ್ನೊಂದು ವರ್ಷ ಅದೇ ನೀರು ಕುಡಿದರು. ಕಬ್ಬಿಣಕ್ಕೆ ಸಿಕ್ಕ ನ್ಯಾಯ ಮಕ್ಕಳಿಗೆ ಸಿಗಲಿಲ್ಲ. ಆ ಊರಿನ ಗೋಳನ್ನು ಕ್ಲಿಂಟನ್ ತಮ್ಮ ಪ್ರಚಾರದ ಮುಂಭಾಗಕ್ಕೆ ತಂದರು. ಸ್ಯಾಂಡರ್ಸ್ ಕೂಡ ಹೋದರು. ಮಾರ್ಚ್ 6ರಂದು ಇಬ್ಬರ ವಾದವೂ ಅಲ್ಲೇ ನಡೆಯಿತು. ಆದರೆ ಒಕ್ಕಲುಮನೆಯ ನಂಟಿನಂತೆ ಹಿಂದಿನಿಂದ ಬೆಳೆದ ಪರಿಚಯ ಒಂದು ಪ್ರಚಾರ ಕಾಲದಲ್ಲಿ ಹುಟ್ಟುವುದಿಲ್ಲ. ಇದು ಕಪ್ಪು ಜನರ ಅಜ್ಞಾನವಲ್ಲ. ಸಮಾಜವಾದಿಗಳು ಅವರ ಬೀದಿಯಲ್ಲಿ ಸಾಕಷ್ಟು ಕಾಲ ಕೆಲಸ ಮಾಡದೆ ಹೋದದ್ದರ ಫಲ.

ಗೆದ್ದವನಿಗೇನು ಸಿಕ್ಕಿತು?

ಮೂರನೆಯ ಪ್ರಶ್ನೆ. 17,168 ವೋಟಿನಿಂದ ಗೆದ್ದ ಸ್ಯಾಂಡರ್ಸ್‌ಗೆ ಸಿಕ್ಕಿದ ಪ್ರತಿನಿಧಿಗಳು 67, ಸೋತ ಕ್ಲಿಂಟನ್‌ಗೆ 63. ಲಾಭ ನಾಲ್ಕು. ಅದೇ ದಿನ ಮಿಸಿಸಿಪ್ಪಿಯಲ್ಲಿ ಕ್ಲಿಂಟನ್‌ಗೆ 31, ಸ್ಯಾಂಡರ್ಸ್‌ಗೆ 5. ಲಾಭ ಇಪ್ಪತ್ತಾರು. ದೊಡ್ಡ ಸುದ್ದಿ ಸ್ಯಾಂಡರ್ಸ್‌ನದು, ದಿನದ ಗಳಿಕೆ ಕ್ಲಿಂಟನ್‌ನದು. ವೋಟಿನ ಪ್ರಮಾಣಕ್ಕೆ ತಕ್ಕಂತೆ ಹಂಚುವ ಪದ್ಧತಿ ಇದು. ಇದರಲ್ಲಿ ನಮಗೆ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಅದರ ಮೇಲೆ ಕೂರಿಸಿದ್ದ "ಮಹಾ ಪ್ರತಿನಿಧಿ"ಗಳ ಬಗ್ಗೆ. ಪಕ್ಷದ ಶಾಸಕರು, ಗವರ್ನರುಗಳು, ಪದಾಧಿಕಾರಿಗಳೆಂಬ ಸುಮಾರು 700 ಮಂದಿಗೆ ಜನರನ್ನು ಕೇಳದೆ ತಮ್ಮ ಮನಸ್ಸಿಗೆ ಬಂದಂತೆ ವೋಟು ಹಾಕುವ ಹಕ್ಕಿತ್ತು. ಅವರಲ್ಲಿ ಬಹುಪಾಲು ಕ್ಲಿಂಟನ್ ಜೊತೆಗಿದ್ದರು. ಜನ ಕೂಗೆಬ್ಬಿಸಿದ ಮೇಲೆ 2018ರಲ್ಲಿ ನಿಯಮ ಬದಲಾಯಿತು; ಪೈಪೋಟಿ ಇದ್ದಾಗ ಮೊದಲ ಸುತ್ತಿನಲ್ಲಿ ಅವರ ವೋಟನ್ನು ಕಿತ್ತರು. ಗೆಲ್ಲದ ಅಭ್ಯರ್ಥಿಯೂ ಗೆದ್ದುಕೊಂಡ ಒಂದು ಸಂಗತಿ ಇದು.

ಮಾರ್ಚಿನಲ್ಲಿ ಕೇಳಿದ ಎಚ್ಚರಿಕೆಯ ಗಂಟೆಯನ್ನು ಆ ಪಕ್ಷದ ದೊಡ್ಡವರು ಕೇಳಿಸಿಕೊಂಡರೇ? ಅದೇ ದಿನ ರಿಪಬ್ಲಿಕನ್ ಪ್ರೈಮರಿಗೆ ಇನ್ನೂ ಹೆಚ್ಚು ಜನ, 13 ಲಕ್ಷದಷ್ಟು, ಬಂದಿದ್ದರು. ಅಲ್ಲಿ ಗೆದ್ದ ಟ್ರಂಪ್ ಕೂಡ ಅದೇ ವ್ಯಾಪಾರ ಒಪ್ಪಂದವನ್ನು ಬಯ್ಯುತ್ತ ಬಂದ ಮನುಷ್ಯ. ರೋಗವನ್ನು ಅವರೂ ಹೆಸರಿಸಿದರು. ಮದ್ದಾಗಿ ಮಾತ್ರ ಪರದೇಶದ ಬಡವನ ಮೇಲೆ ದ್ವೇಷವನ್ನು ಕೊಟ್ಟರು. ನವೆಂಬರಿನಲ್ಲಿ ಟ್ರಂಪ್ ಮಿಷಿಗನ್ನನ್ನು ಗೆದ್ದರು. ಅಂತರ 10,704 ವೋಟು. 1988ರಿಂದ ಈಚೆಗೆ ಯಾವ ರಿಪಬ್ಲಿಕನ್ನನಿಗೂ ಸಿಗದಿದ್ದ ರಾಜ್ಯ ಅದು.

ನಾಲ್ಕನೆಯ ಪ್ರಶ್ನೆಯನ್ನು ನಮ್ಮ ಕಡೆಯವರಿಗೇ ಹಾಕಬೇಕು. 2020ರ ಮಾರ್ಚ್ 10ರಂದು ಅದೇ ಮಿಷಿಗನ್ನಿನಲ್ಲಿ ಸ್ಯಾಂಡರ್ಸ್ ಮತ್ತೆ ನಿಂತರು. ಈ ಸಲ ಎದುರಾಳಿ ಬೈಡನ್. 83 ಕೌಂಟಿಗಳಲ್ಲಿ 83ನ್ನೂ ಬೈಡನ್ ಗೆದ್ದರು. ಹಿಂದಿನ 73 ಎಲ್ಲಿ ಹೋದವು? ಅವುಗಳಲ್ಲಿ ಬಹಳ ವೋಟು ಸಮಾಜವಾದಕ್ಕೆ ಬಂದದ್ದಾಗಿರಲಿಲ್ಲ. ಕ್ಲಿಂಟನ್ ಬೇಡವೆಂದು ಬಂದದ್ದಾಗಿತ್ತು. ಅದು ಕಡವಾಗಿ ಬಂದ ವೋಟು, ಕಾಲ ಬಂದಾಗ ಹಿಂದಕ್ಕೆ ಹೋಯಿತು. ಕೋಪದಿಂದ ಬಂದವನನ್ನು ಸಂಘದಲ್ಲಿ ಕೂರಿಸಿ, ಚಂದಾ ಹಾಕಿಸಿ, ಓದಿಸಿ, ಹೋರಾಟಕ್ಕೆ ಇಳಿಸದಿದ್ದರೆ ಕೋಪ ಇನ್ನೊಬ್ಬನ ಸರಕಾಗುತ್ತದೆ. ಸಂಘ ಉಳಿಸಿಕೊಂಡ ಕಡೆ ಫಲವೂ ಕಂಡಿದೆ: 2012ರ ಆ ಕಾರ್ಮಿಕ ವಿರೋಧಿ ಕಾಯಿದೆಯನ್ನು 2023ರಲ್ಲಿ ರದ್ದು ಮಾಡಿಸಿದರು. ಅದೇ ವರ್ಷ ಮೋಟಾರು ಕೆಲಸಗಾರರು ಮೂರು ದೊಡ್ಡ ಕಂಪನಿಗಳ ವಿರುದ್ಧ ಒಂದೂವರೆ ತಿಂಗಳು ಮುಷ್ಕರ ಹೂಡಿ ನಾಲ್ಕಾರು ವರ್ಷಗಳ ಅವಧಿಗೆ ನೂರಕ್ಕೆ 25ರಷ್ಟು ಮೂಲ ಕೂಲಿ ಏರಿಸಿಕೊಂಡರು.

ನಮ್ಮ ಮನೆಯ ಮಾತು

ಈಗ ನಮ್ಮ ಪುಢಾರಿಗಳಿಗೆ ಕೊನೆಯ ಮಾತು. ಮಿಷಿಗನ್ನಿನಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು 12 ಲಕ್ಷ ಜನ ಹೇಳಿದರು. ಅದರಲ್ಲಿ ಹಣದ ಆಟವಿದೆ, ದೊಡ್ಡವರ ಕೈವಾಡವಿದೆ; ಆ ಪದ್ಧತಿಯನ್ನು ತಲೆಯ ಮೇಲೆ ಹೊತ್ತು ಕುಣಿಯಿರೆಂದು ನಾವು ಹೇಳುತ್ತಿಲ್ಲ. ಆದರೆ ಇಲ್ಲಿ ಹೇಗೆ? ತಾಲ್ಲೂಕಿನ ಅಭ್ಯರ್ಥಿ ಯಾರೆಂದು ತಾಲ್ಲೂಕಿನ ಕಾರ್ಯಕರ್ತನಿಗೇ ಬೆಳಗಿನ ಪತ್ರಿಕೆಯಿಂದ ತಿಳಿಯಬೇಕು. ಬಿ ಫಾರಂ ಲಕೋಟೆ ಮೇಲಿನಿಂದ ಇಳಿಯುತ್ತದೆ. ಅದನ್ನು ಕೊಡುವವರು ಜಾತಿಪಟ್ಟಿ ನೋಡಿ, ಥೈಲಿ ನೋಡಿ ಕೊಡುತ್ತಾರೆ. ಆಮೇಲೆ ಇಬ್ಬರು ಸಾಹುಕಾರರ ನಡುವೆ ತನ್ನ ಜಾತಿಯ ಸಾಹುಕಾರನನ್ನು ಆರಿಸಿದ ಬಡವನತ್ತ ಬೆರಳು ತೋರಿಸಿ, "ನೋಡಿ, ಜನರೇ ಜಾತಿವಾದಿಗಳು" ಎನ್ನುತ್ತಾರೆ! ಬಡಿಸಿದ್ದು ಒಂದೇ ಪದಾರ್ಥ. ಉಂಡವನಿಗೆ ರುಚಿಯಿಲ್ಲವೆಂಬ ದೂರು.

ಜಾತಿ ಇಲ್ಲವೆಂದು ನಾವು ಹೇಳುವುದಿಲ್ಲ. ಬಣ್ಣ ಅಲ್ಲಿಯೂ ಇದೆ, ಗಾಯ ಅಲ್ಲಿಯೂ ಹಸಿಯಾಗಿದೆ. ಆದರೆ ಕೂಲಿಯ ಪ್ರಶ್ನೆಯನ್ನು ನೇರವಾಗಿ ಎತ್ತಿದ ಕಡೆ ನೂರಕ್ಕೆ ಹನ್ನೊಂದು ಇಪ್ಪತ್ತೆಂಟಾಗಬಲ್ಲದು ಎಂಬುದಕ್ಕೆ ಮಿಷಿಗನ್ ಸಾಕ್ಷಿ. ಆ ಇಪ್ಪತ್ತೆಂಟನ್ನು ಐವತ್ತೊಂದು ಮಾಡಬೇಕಾದರೆ ಚುನಾವಣೆಗೆ ಆರು ವಾರ ಮುಂಚೆ ಹೋದರೆ ಸಾಲದು. ನಲ್ಲಿಯಲ್ಲಿ ಕೆಟ್ಟ ನೀರು ಬಂದ ದಿನವೇ ಆ ಬೀದಿಯಲ್ಲಿ ನಿಂತಿರಬೇಕು. ನಮ್ಮ ಕಾರ್ಯಕರ್ತರು ಜಾತಿಪಟ್ಟಿಯನ್ನು ಒಲೆಗೆ ಹಾಕಲಿ. ಯಾವ ಕೇರಿಯಲ್ಲಿ ನೀರಿಲ್ಲ, ಯಾವ ಊರಲ್ಲಿ ಕೂಲಿ ಬಾಕಿ ಇದೆ ಎಂಬ ಪಟ್ಟಿಯನ್ನು ಈ ವಾರವೇ ಬರೆಯಲು ಕೂರಲಿ.