ಹಳೆಯ ಮೋಟಾರಿನ ಹೊಳಪು

2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಮೋಟಾರು ಇಂದಿಗೂ ಕೆಲವು ಮನೆಗಳಲ್ಲುಂಟು. ತುಕ್ಕನ್ನು ಮರೆಮಾಡಲು ಅದರ ಬಂಪರಿಗೆ ಹಿಂದೆ ಯಾರಾದರೂ ಬಣ್ಣ ಬಳಿದಿದ್ದರೆ, ಹೊಸ ಕ್ರೋಮ್ ಲೇಪಕ್ಕಾಗಿ ಕೂಡಲೇ ಪೀಣ್ಯದ ಕಾರ್ಖಾನೆಗೆ ಒಯ್ಯಬೇಡಿರೆಂದು ವಾಚಕ ಮಹಾಶಯರಲ್ಲಿ ಬಿನ್ನವಿಸುತ್ತೇವೆ. ಮೊದಲು ಕೈಗವಸು ತೊಟ್ಟು, ಗಾಳಿಯಾಡುವ ಸ್ಥಳದಲ್ಲಿ, ಬಣ್ಣ ತೆಗೆಯುವ ದ್ರಾವಣವನ್ನು ಒಂದು ಮೂಲೆಗೆ ಹಚ್ಚಿ ನೋಡತಕ್ಕದ್ದು. ಉಪ್ಪುಕಾಗದದಿಂದ ಉಜ್ಜತಕ್ಕದ್ದಲ್ಲ, ನಿಕ್ಕಲಿನ ಮೇಲಣ ಕ್ರೋಮ್ ಪದರವು ಅತಿ ತೆಳುವಾದುದು. ಅಡಿಯ ಹೊಳಪು ಕೆಡದಿದ್ದರೆ ಮೆತ್ತನೆಯ ಬಟ್ಟೆಯೂ ಪಾಲಿಷೂ ಸಾಕು. ತುಕ್ಕು ತಿಂದಿದ್ದರೆ ಮಾತ್ರ ಲೇಪದವರಲ್ಲಿಗೆ ಹೋಗಿ, ತೊಳೆದ ನೀರನ್ನು ಶುದ್ಧಿಮಾಡುವರೇ ಎಂದು ವಿಚಾರಿಸಿರಿ. ಪೀಣ್ಯದ ಅಂತರ್ಜಲದಲ್ಲಿ ವಿಷಕರವಾದ ಕ್ರೋಮಿಯಂ ಬೆರೆತಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ನಮ್ಮ ಮೋಟಾರಿನ ಹೊಳಪಿಗಾಗಿ ನೆರೆಯವರ ಕೊಳವೆಬಾವಿಯನ್ನು ಕೆಡಿಸುವುದು ಗೃಹಸ್ಥಧರ್ಮವಲ್ಲ.