ಫೋಟೊಗೆ ಬಡಿಸಿದ ತತ್ತಿ

2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಗುಂಡೂರು ಅಂಗನವಾಡಿಯ ವಿಡಿಯೊ ನೀವೂ ನೋಡಿದ್ದೀರಿ. ಮಕ್ಕಳ ತಟ್ಟೆಗೆ ತತ್ತಿ ಇಟ್ಟರು, ಮೊಬೈಲಿನಲ್ಲಿ ಚಿತ್ರ ತೆಗೆದರು, ಕೂಸುಗಳು ಬಾಯಿಗಿಡುವ ಮೊದಲೇ ಎತ್ತಿಕೊಂಡರು. ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಅಮಾನತಾದರು. ನಾವು ಛೀ ಎಂದೆವು, ಮರೆತೆವು. ಆ ಇಬ್ಬರನ್ನು ಬೈದು ಮುಗಿಸುವ ಮಾತಲ್ಲ ಇದು. ತಟ್ಟೆಯ ಚಿತ್ರವೊಂದಿದ್ದರೆ ಸಾಕು, ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತು ಮಾಡಿಸಿದವರು ಯಾರು? ಬಡಿಸಿದ್ದಕ್ಕೆ ಲೆಕ್ಕ ಇಟ್ಟು, ಉಂಡದ್ದಕ್ಕೆ ಲೆಕ್ಕ ಇಡದ ವ್ಯವಸ್ಥೆ. ಅದರ ಜೊತೆಗೆ, ಒಂದು ದಿನವೂ ಒಳಗೆ ಹೆಜ್ಜೆ ಇಡದ ನಾವು.

ಯೋಜನೆಗಳಿಗೇನೂ ಬರವಿಲ್ಲ. 1975ರಲ್ಲಿ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಬಂದವು. 2013ಕ್ಕೆ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ಕ್ಕೆ ಗರ್ಭಿಣಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಬಂದವು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳು ದಾಟಿದ ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಗಂಗಾವತಿಯ ಸೋನಾಮಸೂರಿ ಊರೂರಿಗೆ ಹೋಗುತ್ತದೆ, ನಿಜ. ಬರೀ ಅನ್ನ ಹೊಟ್ಟೆ ತುಂಬಿಸುತ್ತದೆಯೇ ಹೊರತು ಕೂಸನ್ನು ಬೆಳೆಸುವುದಿಲ್ಲ. ಅದಕ್ಕೇ 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗೆ ತತ್ತಿ ಬಂದದ್ದು. ಆಗ ಕೆಲವು ಮಠಾಧೀಶರು ಬೇಡವೆಂದರು, ಗಂಗಾವತಿಯ ಶಾಲಾ ಹುಡುಗಿಯರು ಕ್ಯಾಮೆರಾದ ಮುಂದೆಯೇ ಖಡಕ್ಕಾಗಿ ಉತ್ತರ ಕೊಟ್ಟರು. ತತ್ತಿ ಒಲ್ಲದವರಿಗೆ ಬಾಳೆಹಣ್ಣು ಇತ್ತು. ಜಗಳಕ್ಕೆ ಅರ್ಥವೇ ಇರಲಿಲ್ಲ. ಅದನ್ನು ತೀರಿಸಿದ್ದು ಭಾಷಣವಲ್ಲ, ತಕ್ಕಡಿ: ತತ್ತಿ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗಿನ ಮಕ್ಕಳೊಂದಿಗೆ ತೂಗಿ ನೋಡಿದ ಅಧ್ಯಯನ, ತೂಕ ಏರಿದ್ದನ್ನು ತೋರಿಸಿತು. ಸಾಕ್ಷಿ ಅಂದರೆ ಇದು. ಬಡಿಸಿದ ಫೋಟೊ ಯಾವ ಸಾಕ್ಷಿ?

ದಾಖಲೆ ಇಲ್ಲದಿದ್ದರೆ ಕಳವು ಇನ್ನೂ ಹೆಚ್ಚುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಸರಿ, ದಾಖಲೆ ಇರಲಿ. ಆದರೆ ಗುಂಡೂರಿನಲ್ಲಿ ದಾಖಲೆಗೆ ಬೇಕಾದ ಚಿತ್ರವೇ ಕಳವಿಗೆ ಮರೆಯಾಯಿತಲ್ಲ! ಅಂಗನವಾಡಿಗಳ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತೂಕ ತುಂಬುವ ಜಾಗವೂ ಇದೆ ಎನ್ನಬಹುದು. ದಿಲ್ಲಿಗೆ ಹೋದ ಆ ಅಂಕಿ ಕೂಸಿನ ಅವ್ವನಿಗೂ ಗೊತ್ತಾಗಬೇಡವೇ? ಕಾರ್ಯಕರ್ತೆಯರ ಕಷ್ಟದ ಮಾತೂ ಸುಳ್ಳಲ್ಲ. ಕೇಂದ್ರ ನಿಗದಿಪಡಿಸಿದ ಗೌರವಧನ 2018ರಲ್ಲಿ 4,500 ರೂಪಾಯಿಗೆ ನಿಂತದ್ದು ಮುಂದೆ ವರ್ಷಗಟ್ಟಲೆ ಕದಲಲಿಲ್ಲ. ಅದು ನಾಚಿಕೆಗೇಡು, ಏರಿಸಲೇಬೇಕು. ಅದಕ್ಕಾಗಿ ಸರ್ಕಾರದ ಕೊರಳಪಟ್ಟಿ ಹಿಡಿಯೋಣ. ಮೂರು ವರ್ಷದ ಕೂಸಿನ ತಟ್ಟೆಗೆ ಕೈ ಹಾಕಲು ಅದು ನೆಪವಾಗದು.

ನಮ್ಮನ್ನೇ ಬೈದುಕೊಳ್ಳುವ ಮಾತು ಬಾಕಿ ಇದೆ. ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತದೆ; ಗುರುತಿಲ್ಲದವರನ್ನೂ ಕೂಡಿಸಿ ಉಣ್ಣಿಸುವ ಜನ ನಾವು. ಅದೇ ಜನಕ್ಕೆ ನಮ್ಮ ಓಣಿಯ ಅಂಗನವಾಡಿಯಲ್ಲಿ ಇವತ್ತು ಏನು ಬೆಂದಿತು ಎಂಬುದು ಗೊತ್ತಿಲ್ಲ. ಬಾಲವಿಕಾಸ ಸಮಿತಿ ಎಂಬುದೊಂದಿದೆ, ಅದರಲ್ಲಿ ತಾಯಂದಿರೂ ಸದಸ್ಯರು. ಊರಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀರಿ? ಸಾಮಾಜಿಕ ಪರಿಶೋಧನೆಗೆ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಜಾಗವಿದೆ. ಕೇಳುವವರು ಬೇಕು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯ ತಾಯಂದಿರೇ, ಹಿರಿಯರೇ, ಹೇಮಗುಡ್ಡದ ದಸರಾಕ್ಕೆ ಬಿಡುವು ಮಾಡಿಕೊಳ್ಳುವವರು ವಾರಕ್ಕೆ ಅರ್ಧ ತಾಸು ಇದಕ್ಕೂ ಕೊಡಿ. ಸರದಿ ಹಾಕಿಕೊಂಡು ಊಟದ ಹೊತ್ತಿಗೆ ಹೋಗಿ ಕೂಡಿರಿ, ಮಕ್ಕಳು ಉಣ್ಣುವವರೆಗೆ ಏಳಬೇಡಿ. ಪ್ರತಿ ಮಗುವಿನ ತೂಕ ಅದರ ಅವ್ವನೆದುರೇ ತೂಗಿಸಿ, ಗ್ರಾಮಸಭೆಯಲ್ಲಿ ಕೇಳಿ. ಟೀಚರಮ್ಮ ಬೇಸರಪಟ್ಟುಕೊಂಡಾರು ಎಂಬ ಸಂಕೋಚವೇ? ಪಟ್ಟುಕೊಳ್ಳಲಿ, ಅನ್ನ ಸರಿಯಾಗಿ ಬಡಿಸುವವರಿಗೆ ನೀವು ಹೋದದ್ದು ಆಸರೆಯೇ. ಈ ಸೋಮವಾರವೇ ಹೋಗಿ.