ಬಿ.ಕಾಂ.ಗೂ ಸಿಎಗೂ ನಡುವೆ ಒಂದು ಓದು ಬೇಕು

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಹಾಲು, ಹಣ್ಣು, ತರಕಾರಿಯಂಥ ತೆರಿಗೆಯೇ ಇಲ್ಲದ ಸರಕು ಮಾರುವವರಿಗೂ ನೋಟಿಸ್ ಹೋಗಿತ್ತು. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಟ್ಟ ಮೇಲೆ ಗದ್ದಲ ಅಡಗಿತು. ಆ ದಿನಗಳಲ್ಲಿ ಇಲಾಖೆಯನ್ನು ಬೈದವರಿದ್ದರು, ತೆರಿಗೆ ತಪ್ಪಿಸುತ್ತಾರೆಂದು ವ್ಯಾಪಾರಿಗಳನ್ನು ದೂರಿದವರೂ ಇದ್ದರು. ಹೆಚ್ಚಾಗಿ ಕೇಳಿಬರದ ಮಾತು ಒಂದೇ: ಆ ಅಂಗಡಿಗಳ ಲೆಕ್ಕ ಬರೆಯಬಲ್ಲವರು ನಮ್ಮಲ್ಲಿ ಎಷ್ಟು ಜನ ತಯಾರಾಗುತ್ತಿದ್ದಾರೆ? ಬಿ.ಕಾಂ. ಮುಗಿಸಿದವರಿಗೂ ಸಿಎ ಆದವರಿಗೂ ನಡುವೆ ನಿಲ್ಲುವ, ಕೈಕೆಲಸ ಕಲಿಸುವ, ಕನ್ನಡದಲ್ಲೂ ಬರೆಯಬಹುದಾದ ಉನ್ನತ ಲೆಕ್ಕಶಾಸ್ತ್ರ ಡಿಪ್ಲೊಮಾವೊಂದನ್ನು ಕರ್ನಾಟಕ ಸರ್ಕಾರವೇ ಆರಂಭಿಸಬೇಕು ಎಂಬುದು ನನ್ನ ವಾದ.

ಒಂದು ಕಾಂಡಿಮೆಂಟ್ಸ್ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 50 ಲಕ್ಷ ರೂಪಾಯಿ ವ್ಯಾಪಾರ. ಅದರಲ್ಲಿ 30 ಲಕ್ಷ ಹಾಲಿನದು, 20 ಲಕ್ಷ ತೆರಿಗೆ ಇರುವ ಬಿಸ್ಕತ್ತು, ಕುರುಕಲು ತಿಂಡಿಯದು ಎನ್ನಿ. ಬರೀ ಹಾಲು ಮಾರಿದ್ದರೆ ಎಷ್ಟೇ ವ್ಯಾಪಾರವಾದರೂ ಜಿಎಸ್‌ಟಿ ನೋಂದಣಿ ಬೇಕಿರಲಿಲ್ಲ. ಎರಡನ್ನೂ ಮಾರಿದಾಗ ಒಟ್ಟು ವಹಿವಾಟು 40 ಲಕ್ಷದ ಮಿತಿ ದಾಟುತ್ತದೆ, ನೋಂದಣಿ ಕಡ್ಡಾಯವಾಗುತ್ತದೆ. ಆದರೆ ತೆರಿಗೆ ಬೀಳುವುದು 20 ಲಕ್ಷದ ಮೇಲೆ ಮಾತ್ರ. ಸಕಾಲಕ್ಕೆ ನೋಂದಾಯಿಸಿಕೊಂಡು ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಶೇ 1ರಂತೆ ವರ್ಷಕ್ಕೆ 20 ಸಾವಿರ ರೂಪಾಯಿಗೆ ಮುಗಿಯುತ್ತಿತ್ತು. ಹಾಲಿನ ಮಾರಾಟ ಬೇರೆ, ಬಿಸ್ಕತ್ತಿನದು ಬೇರೆ ಎಂದು ದಿನದಿನದ ಪುಸ್ತಕ ಇಲ್ಲದಿದ್ದರೆ ಇಲಾಖೆಯ ಕಣ್ಣಿಗೆ ಬೀಳುವುದು ಬ್ಯಾಂಕಿಗೆ ಬಂದ ಒಟ್ಟು ಮೊತ್ತ ಮಾತ್ರ. ಅದರಲ್ಲಿ ಕೈಸಾಲ ವಾಪಸು ಬಂದದ್ದು, ಊರಿಂದ ತಮ್ಮ ಕಳಿಸಿದ್ದು, ಚೀಟಿ ಎತ್ತಿದ್ದು ಎಲ್ಲವೂ ಸೇರಿಕೊಂಡಿರುತ್ತದೆ. ಅಷ್ಟು ಸಣ್ಣ ಅಂಗಡಿಗೆ ಅಕೌಂಟೆಂಟ್ ಇಟ್ಟುಕೊಳ್ಳುವ ಶಕ್ತಿ ಎಲ್ಲಿಂದ ಎಂದು ಕೇಳಬಹುದು. ಒಂದು ಅಂಗಡಿಗೆ ಇಲ್ಲ, ನಿಜ. ಆದರೆ ಒಂದೇ ಬೀದಿಯ ಹಲವು ಅಂಗಡಿಗಳಿಗೆ ಒಬ್ಬರೇ ಪಾರ್ಟ್‌ಟೈಮ್ ಲೆಕ್ಕ ಬರೆಯುವ ರೂಢಿ ನಮ್ಮ ಪೇಟೆಗಳಲ್ಲಿ ಹಿಂದಿನಿಂದಲೂ ಇದೆ. ಆ ಒಬ್ಬರಿಗೆ ಕಾಯ್ದೆಯ ಈ ಮಡಿಕೆಗಳು ತಿಳಿದಿರಬೇಕು, ಅಷ್ಟೇ.

ಈಗಿರುವ ಓದು ಅಂಥವರನ್ನು ತಯಾರು ಮಾಡುತ್ತಿಲ್ಲ. ಬಿ.ಕಾಂ. ವಿದ್ಯಾರ್ಥಿ ಮೂರು ವರ್ಷ ಲೆಕ್ಕ ಮಾಡುತ್ತಾನೆ. ಆದರೆ ಅವನಿಗೆ ಸಿಗುವುದು ಪ್ರಶ್ನೆಪತ್ರಿಕೆಯಲ್ಲಿ ಆಗಲೇ ಅಚ್ಚುಕಟ್ಟಾಗಿ ಕೊಟ್ಟ ತಾಳೆಪಟ್ಟಿ, ಕೆಳಗೆ ಐದಾರು ಹೊಂದಾಣಿಕೆಗಳು. ಆ ತಾಳೆಪಟ್ಟಿ ಎಲ್ಲಿಂದ ಬಂತು, ಅದಕ್ಕೆ ಮುಂಚಿನ ಬಿಲ್ಲು, ವೋಚರು, ಬ್ಯಾಂಕ್ ಸ್ಟೇಟ್‌ಮೆಂಟ್ ಹೇಗಿರುತ್ತವೆ ಎಂಬುದನ್ನು ಆತ ನೋಡಿಯೇ ಇರುವುದಿಲ್ಲ. ಆ ಕೊರತೆ ತುಂಬಲು ಮೂರು ತಿಂಗಳ ಟ್ಯಾಲಿ ಕೋರ್ಸಿಗೆ ಸೇರಿದರೆ ಅಲ್ಲಿ ಯಾವ ಕೀ ಒತ್ತಬೇಕೆಂದು ಕಲಿಸುತ್ತಾರೆ, ಯಾವ ಖಾತೆಗೆ ಯಾಕೆ ಹಾಕಬೇಕೆಂದು ಕಲಿಸುವುದು ಅಪರೂಪ. ಇನ್ನೊಂದು ತುದಿಯಲ್ಲಿ ಸಿಎ. 2024ರ ಮೇ ತಿಂಗಳ ಫೈನಲ್ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರ ಪೈಕಿ ಉತ್ತೀರ್ಣರಾದವರು ಶೇ 20ಕ್ಕಿಂತ ಕಡಿಮೆ. ಇಂಟರ್ ಹಂತದಲ್ಲೂ ಕತೆ ಅದೇ. ಇಂಟರ್ ಪಾಸಾಗಿ, ಆರ್ಟಿಕಲ್‌ಶಿಪ್ ಮುಗಿಸಿ, ಫೈನಲ್ ದಾಟದೆ ನಿಂತವರು ಯಾವ ಆಡಿಟರ್ ಕಚೇರಿಗೆ ಹೋದರೂ ಸಿಗುತ್ತಾರೆ. ಕೆಲಸ ಬಲ್ಲವರು, ಗಟ್ಟಿಗರು. ಆದರೂ ಬಯೋಡೇಟಾದಲ್ಲಿ ಅವರು ಬರೆದುಕೊಳ್ಳುವುದು ‘ಸಿಎ ಇಂಟರ್’ ಎಂದು, ಏನನ್ನೋ ಅರ್ಧಕ್ಕೆ ಬಿಟ್ಟವರಂತೆ.

ಬೇರೆಡೆ ಈ ನಡುಹಂತಕ್ಕೆ ಹೆಸರಿದೆ. 1904ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಂಸ್ಥೆಯ ಪರಂಪರೆಯಿಂದ ಬಂದ ಎಸಿಸಿಎ ಎಂಬ ಅಕೌಂಟೆಂಟ್ ಓದಿನಲ್ಲಿ ಒಟ್ಟು 13 ಪತ್ರಿಕೆಗಳು. ಮೊದಲ 9 ಪತ್ರಿಕೆಗಳ ಜೊತೆಗೆ ವೃತ್ತಿನೀತಿಯ ಪಾಠವನ್ನೂ ಮುಗಿಸಿದವರಿಗೆ ಅಕೌಂಟಿಂಗ್ ಮತ್ತು ಬಿಸಿನೆಸ್‌ನಲ್ಲಿ ಅಡ್ವಾನ್ಸ್ಡ್ ಡಿಪ್ಲೊಮಾ ಸಿಗುತ್ತದೆ. ಮುಂದಿನ ಪತ್ರಿಕೆಗಳಲ್ಲಿ ಎಡವಿದರೂ ಇದು ಕೈಬಿಡುವುದಿಲ್ಲ. ಬೆಂಗಳೂರಿನ ಹಲವು ಕಾಲೇಜುಗಳು ಬಿ.ಕಾಂ. ಜೊತೆಗೇ ಎಸಿಸಿಎ ಜೋಡಿಸಿವೆ. ಆದರೆ ಅದರ ಶುಲ್ಕ ಪೌಂಡಿನಲ್ಲಿ, ಪಠ್ಯದ ಒತ್ತು ಅಂತರರಾಷ್ಟ್ರೀಯ ಮಾನದಂಡಗಳ ಮೇಲೆ. ಬಹುರಾಷ್ಟ್ರೀಯ ಕಂಪನಿಗಳ ಬೆಂಗಳೂರು ಕಚೇರಿಗೆ ಅದು ಹೊಂದುತ್ತದೆ, ಹಾವೇರಿಯ ಮೆಣಸಿನಕಾಯಿ ಮಂಡಿಗೆ ಹೊಂದುವುದಿಲ್ಲ. ಭಾರತೀಯ ಸಿಎ ಸಂಸ್ಥೆಗೂ ಈ ಕೊರತೆ ಗೊತ್ತಿಲ್ಲದ್ದಲ್ಲ. ಹಿಂದೆ ‘ಅಕೌಂಟಿಂಗ್ ಟೆಕ್ನಿಷಿಯನ್’ ಪ್ರಮಾಣಪತ್ರ ಕೊಡುತ್ತಿತ್ತು, 2023ರ ಹೊಸ ಯೋಜನೆಯಲ್ಲಿ ‘ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್’ ಎಂಬ ದಾರಿ ಇಟ್ಟಿದೆ. ಒಳ್ಳೆಯದೇ. ಆದರೆ ಅದು ಸಿಎ ಫೈನಲ್ ದಾಟಲಾಗದವರಿಗೆ ಮಾಡಿಕೊಟ್ಟ ಅನುಕೂಲ. ನಮಗೆ ಬೇಕಿರುವುದು ಹುಡುಗಿಯೊಬ್ಬಳು ಮೊದಲ ದಿನದಿಂದಲೇ ‘ನಾನು ಇದನ್ನೇ ಓದುತ್ತೇನೆ’ ಎಂದು ಸೇರಿಕೊಳ್ಳಬಹುದಾದ ಓದು.

ಕಂಪ್ಯೂಟರೇ ಎಲ್ಲ ಮಾಡುವಾಗ, ಕೃತಕ ಬುದ್ಧಿಮತ್ತೆ ಬಿಲ್ಲಿನ ಫೋಟೊ ನೋಡಿ ಎಂಟ್ರಿ ಹಾಕುವಾಗ ಲೆಕ್ಕ ಬರೆಯುವವರು ಯಾಕೆ ಬೇಕು ಎಂಬುದು ಈಗ ಎಲ್ಲರ ಬಾಯಲ್ಲಿರುವ ಆಕ್ಷೇಪ. ಎಂಟ್ರಿ ಹಾಕುವ ಕೆಲಸ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಉಳಿಯುವ ಕೆಲಸ ಯಾವುದು? ಕೇಂದ್ರ ಸರ್ಕಾರ 2023–24ರ ಹಣಕಾಸು ವರ್ಷದಿಂದ ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣದ ಬಗ್ಗೆ ಒಂದು ನಿಯಮ ತಂದಿತು. ಸರಕು ಕೊಟ್ಟದ್ದು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ತಯಾರಿಕಾ ಘಟಕವಾದರೆ, ಲಿಖಿತ ಒಪ್ಪಂದ ಇಲ್ಲದಿದ್ದಾಗ 15 ದಿನ, ಒಪ್ಪಂದ ಇದ್ದರೆ ಅದರಲ್ಲಿ ಬರೆದಷ್ಟು, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ, ಹಣ ಕೊಟ್ಟ ವರ್ಷದವರೆಗೆ ಆ ಖರೀದಿ ಖರ್ಚೆಂದು ಪರಿಗಣನೆಯಾಗುವುದಿಲ್ಲ. ಮಾರ್ಚ್ 10ರಂದು 3 ಲಕ್ಷ ರೂಪಾಯಿಯ ಸರಕು ಬಂತು, ಏಪ್ರಿಲ್ 20ರಂದು ಹಣ ಹೋಯಿತು ಎನ್ನಿ. 45 ದಿನದ ಲಿಖಿತ ಒಪ್ಪಂದವಿದ್ದರೆ ಗಡುವು ಏಪ್ರಿಲ್ 24, ಖರ್ಚು ಆ ವರ್ಷಕ್ಕೇ ಸೇರುತ್ತದೆ. ಒಪ್ಪಂದದ ಒಂದು ಹಾಳೆ ಇಲ್ಲದಿದ್ದರೆ ಗಡುವು ಮಾರ್ಚ್ 25ಕ್ಕೇ ಮುಗಿದಿರುತ್ತದೆ, ಆ ವರ್ಷದ ಲಾಭ ಕಾಗದದ ಮೇಲೆ 3 ಲಕ್ಷ ಏರಿ ಅದರ ಮೇಲೆ ತೆರಿಗೆ ಬೀಳುತ್ತದೆ. ಸರಕು ಕೊಟ್ಟವರು ತಯಾರಕರೋ ಬರೀ ವ್ಯಾಪಾರಿಯೋ, ಉದ್ಯಮ್ ನೋಂದಣಿ ಇದೆಯೋ ಇಲ್ಲವೋ, ಒಪ್ಪಂದ ಎಲ್ಲಿ ಎಂದು ಫೆಬ್ರುವರಿಯಲ್ಲೇ ಮಾಲೀಕರನ್ನು ಕೇಳುವವರು ಬೇಕು. ಜಿಎಸ್‌ಟಿಯಲ್ಲೂ ಹೀಗೆಯೇ. ತಿಂಗಳ ರಿಟರ್ನ್ಸ್ ಹಾಕುವ ಮಾರಾಟಗಾರ 11ನೇ ತಾರೀಖಿನೊಳಗೆ ಬಿಲ್ಲು ಏರಿಸದಿದ್ದರೆ 14ರಂದು ಬರುವ 2ಬಿ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಕೊಂಡವರಿಗೆ ಆ ತಿಂಗಳ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಕೊಂಡವರು ತಮ್ಮ ರಿಟರ್ನ್ಸ್ ಹಾಕಬೇಕಾದ 20ರೊಳಗೆ ಯಾರಿಗೆ ಫೋನ್ ಮಾಡಬೇಕು, ಯಾರ ಪಾವತಿ ತಡೆಹಿಡಿಯಬೇಕು ಎಂಬ ತೀರ್ಮಾನ ಮನುಷ್ಯರದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು 2026ರ ಏಪ್ರಿಲ್ 1ರಿಂದ ಸೆಕ್ಷನ್ ಸಂಖ್ಯೆಗಳೇ ಬದಲಾಗಿರುವಾಗ, ಸಂಖ್ಯೆ ಬಾಯಿಪಾಠ ಮಾಡಿದವರಿಗಿಂತ ತತ್ತ್ವ ಅರಿತವರ ಅಗತ್ಯ ಹೆಚ್ಚು.

ಭಾಷೆಯ ಪ್ರಶ್ನೆಗೆ ಬರುತ್ತೇನೆ, ಇದು ನನಗೆ ಬಹಳ ಮುಖ್ಯ. ನಮ್ಮ ಪಿಯು ವಾಣಿಜ್ಯ ವಿದ್ಯಾರ್ಥಿಗಳು ಲೆಕ್ಕಶಾಸ್ತ್ರವನ್ನು ಕನ್ನಡದಲ್ಲೇ ಬರೆಯಬಹುದು. ಅಢಾವೆ ಪತ್ರಿಕೆ, ಸವಕಳಿ ಎಂಬ ಪದಗಳು ಅವರಿಗೆ ನೀರು ಕುಡಿದಷ್ಟು ಸಲೀಸು. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಲು ಅವಕಾಶವಿದೆ, ಕನ್ನಡದಲ್ಲಿ ಇಲ್ಲ. ಹಿಂದಿ ಬಲ್ಲ ವಿದ್ಯಾರ್ಥಿಗೆ ಸಿಕ್ಕ ಅನುಕೂಲ ಕನ್ನಡದ ವಿದ್ಯಾರ್ಥಿಗೆ ಯಾಕಿಲ್ಲ ಎಂಬುದಕ್ಕೆ ಲೆಕ್ಕಶಾಸ್ತ್ರದಲ್ಲಿ ಯಾವ ಉತ್ತರವೂ ಇಲ್ಲ. ಪೋರ್ಟಲ್ ಇಂಗ್ಲಿಷಿನಲ್ಲಿದೆ, ನೋಟಿಸ್ ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡದಲ್ಲಿ ಓದಿದವರು ಅಲ್ಲಿ ತಡವರಿಸುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ. ಅದಕ್ಕೆ ಪರಿಹಾರ, ನೋಟಿಸ್ ಓದಿ ಉತ್ತರ ಬರೆಯುವ ಇಂಗ್ಲಿಷನ್ನು ಡಿಪ್ಲೊಮಾದಲ್ಲೇ ಒಂದು ಪತ್ರಿಕೆಯಾಗಿ ಕಲಿಸುವುದು. ಇಂಗ್ಲಿಷ್ ಬಾರದ ಕಾರಣಕ್ಕೆ ಲೆಕ್ಕ ಚೆನ್ನಾಗಿ ಬರುವವರನ್ನು ಹೊಸಿಲಲ್ಲೇ ನಿಲ್ಲಿಸುವುದಲ್ಲ. ಅಂಗಡಿ ಮಾಲೀಕರಿಗೆ, ಹಾಲಿನ ಡೇರಿಯ ಕಾರ್ಯದರ್ಶಿಗೆ, ಸ್ವಸಹಾಯ ಸಂಘದ ಹೆಂಗಸರಿಗೆ ಆ ಲೆಕ್ಕವನ್ನು ಕೊನೆಗೆ ವಿವರಿಸಬೇಕಾದದ್ದೂ ಕನ್ನಡದಲ್ಲೇ.

ಇನ್ನೊಂದು ಡಿಪ್ಲೊಮಾ ಎಂದರೆ ಇನ್ನೊಂದು ಸರ್ಟಿಫಿಕೇಟ್ ಅಂಗಡಿ ಎಂಬ ಭಯ ಸುಳ್ಳಲ್ಲ. ನನಗೂ ಇದೇ ದೊಡ್ಡ ಅಳುಕು. ಆದ್ದರಿಂದ ಇದನ್ನು ಖಾಸಗಿ ಕೋಚಿಂಗ್ ಕೇಂದ್ರಗಳಿಗೆ ಬಿಡದೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಂಜೆ ತರಗತಿಯಾಗಿ ಒಂದು ವರ್ಷ ನಡೆಸಬೇಕು. ಅದರಲ್ಲಿ ಆರು ತಿಂಗಳು ಆಡಿಟರ್ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ಕೆಲಸ ಕಡ್ಡಾಯವಾಗಬೇಕು. ಸಹಕಾರ ಸಂಘಗಳ ಹೆಸರು ಸುಮ್ಮನೆ ಎತ್ತಿದ್ದಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ಇದು. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು ಕೇಂದ್ರ 2022ರಲ್ಲಿ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ ಕೂತ ಮೇಲೆ ಅದರೊಳಗಿನ ಲೆಕ್ಕ ನೋಡುವವರು ಬೇಕಲ್ಲ! ಪದವೀಧರರಿಗೆ ಅಪ್ರೆಂಟಿಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಭರಿಸುತ್ತದೆ. ನಾಲ್ಕಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಕಚೇರಿಗಳಿಗೆ ಆ ಯೋಜನೆ ಇಲ್ಲ, ಅಂಥ ಕಡೆ ಸ್ಟೈಪೆಂಡ್ ಕೊಡುವ ಹೊಣೆಯನ್ನು ರಾಜ್ಯ ಹೊರಬೇಕು. ಸಿಎ ಇಂಟರ್ ಪಾಸಾದವರಿಗೆ ಥಿಯರಿ ಪತ್ರಿಕೆಗಳಿಂದ ವಿನಾಯಿತಿ ಕೊಡಬೇಕು. ಕೊನೆಯ ಪರೀಕ್ಷೆಯಲ್ಲಿ ಸಿದ್ಧ ತಾಳೆಪಟ್ಟಿ ಇರಬಾರದು. ಹೆಸರು ತೆಗೆದ ಒಂದು ನಿಜವಾದ ಅಂಗಡಿಯ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಕೊಂಡ ಬಿಲ್ಲುಗಳು, ಮಾರಿದ ರಸೀದಿಗಳು, ಬಾಡಿಗೆ ಕರಾರು, ಕಳೆದುಹೋದ ಎರಡು ಬಿಲ್ಲುಗಳ ಖಾಲಿ ಜಾಗ ಇವನ್ನೆಲ್ಲ ಒಂದು ಕಟ್ಟಾಗಿ ಕೈಗೆ ಕೊಟ್ಟು ಎರಡು ದಿನ ಸಮಯ ಕೊಡಬೇಕು. ಅಢಾವೆ ಪತ್ರಿಕೆಯ ಜೊತೆಗೆ, ಮಾಲೀಕರನ್ನು ಯಾವ ಯಾವ ಪ್ರಶ್ನೆ ಕೇಳಬೇಕಾಯಿತು ಎಂಬ ಪಟ್ಟಿಗೂ ಅಂಕ ಇಡಬೇಕು.